ಹತ್ತಡಿ ಶಿವಮೊಗ್ಗ

ಏಕಾಂತಪ್ಪ ತೀರಿಹೋಗಿ ಆರು ತಿಂಗಳಾಗಿತ್ತು. ಆಯುಧಪೂಜೆ ಕಳೆದ ಮೂರನೇ ದಿನ ಬೆಳಿಗ್ಗೆ ಅವನ ತಮ್ಮ ರೇಣುಕಾಪ್ರಸಾದ್ ಅಳತೆಯ ಟೇಪು ಹಿಡಿದುಕೊಂಡು ಬಂದು ಸ್ಟುಡಿಯೋದ ಶಟರಿನ ಅಗಲ ಅಳೆಯತೊಡಗಿದ. ಒಳಗೆ ಜಯಶೀಲಾ ಒಬ್ಬ ಮುದುಕನನ್ನು ಸ್ಟೂಲಿನ ಮೇಲೆ ಕೂರಿಸಿ ಅಂಗಡಿಯ ಸಣ್ಣ ಕ್ಯಾಮೆರಾದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದಳು. ಮೈದುನನನ್ನು ನೋಡಿಯೂ ಕೆಲಸ ನಿಲ್ಲಿಸಲಿಲ್ಲ. "ಗದ್ದ ಒಂಚೂರು ಕೆಳಗೆ ಅಜ್ಜ. ಹಾಂ, ಹಂಗೇ" ಅಂದು ಫೋಟೋ ತೆಗೆದು, ಪ್ರಿಂಟ್ ಹಾಕಿ, ಕತ್ತರಿಸಿ, ಮುದುಕನನ್ನು ಕಳಿಸಿಕೊಟ್ಟು ಆಮೇಲೆ ಹೊರಗೆ ಬಂದಳು.

"ಏನು ಪ್ರಸಾದ, ಶಟರಿಗೆ ಅಂಗಿ ಹೊಲಿಸ್ತೀಯಾ?"

"ಬೋರ್ಡಿಗೆ ಅತ್ತಿಗೆ. ಎಷ್ಟು ಅಡಿ ಹಿಡಿಸುತ್ತೆ ನೋಡ್ತಿದ್ದೆ."

"ಬೋರ್ಡ್ ಇದೆಯಲ್ಲ."

ಪ್ರಸಾದ ತಲೆ ಎತ್ತಿ ನೋಡಿದ. ಏಕಾಂತ ಸ್ಟುಡಿಯೋ, ಹಳೇನಗರ, ಭದ್ರಾವತಿ ಅಂತ ಬರೆದಿತ್ತು. ಅಕ್ಷರ ಮಾಸಿರಲಿಲ್ಲ. ಅವನು ನೋಟ ಕೆಳಗಿಳಿಸಿದ.

"ನೀವೇ ಹೇಳಿ ಅತ್ತಿಗೆ. ಈಗ ಎಲ್ಲರ ಕೈಲೂ ಮೊಬೈಲ್ ಇದೆ. ಅಣ್ಣ ಇದ್ದಾಗ ಮದುವೆ ಆರ್ಡರ್ ಬರ್ತಿದ್ವು. ಈಗ ಏನಿದೆ? ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್. ದೀಪಾವಳಿ ಪಾಡ್ಯದ ದಿನ ನಾನು ಇಲ್ಲಿ ಮೊಬೈಲ್ ಅಂಗಡಿ ಹಾಕ್ತೀನಿ. ನೀವು ಮೇಲೆ ಮನೇಲಿ ಅವ್ವನ ಜೊತೆ ಆರಾಮಾಗಿರಿ. ಅಪ್ಪನ ಅಂಗಡಿ ಅಲ್ವಾ, ನಂದೂ ಪಾಲಿದೆ."

ಪಾಲಿದ್ದದ್ದು ನಿಜ. ಮದುವೆ ಆರ್ಡರ್ ಬರದೆ ಹೋದದ್ದೂ ನಿಜ. ಗಂಡ ಸತ್ತವಳನ್ನು ಧಾರೆ ಮಂಟಪದ ಮುಂದೆ ಕ್ಯಾಮೆರಾ ಹಿಡಿದು ನಿಲ್ಲು ಅಂತ ಈ ಊರಿನಲ್ಲಿ ಯಾರೂ ಕರೆಯುವುದಿಲ್ಲ. ಬಾಯಿಬಿಟ್ಟು ಬೇಡ ಅನ್ನುವುದೂ ಇಲ್ಲ. "ಡೇಟ್ ಫಿಕ್ಸ್ ಆದ್ಮೇಲೆ ಫೋನ್ ಮಾಡ್ತೀವಿ" ಅನ್ನುತ್ತಾರೆ. ಡೇಟು ಫಿಕ್ಸ್ ಆಗಿ, ಮದುವೆ ಆಗಿ, ಬಸುರಿಯೂ ಆಗಿ ಅದೇ ಹುಡುಗಿ ಆಧಾರ್ ಕಾರ್ಡಿನ ಜೆರಾಕ್ಸಿಗೆ ಬರುತ್ತಾಳೆ.

ಜಯಶೀಲಾ ನಿಂತಲ್ಲೇ ಲೆಕ್ಕಾಚಾರ ಮುಗಿಸಿದಳು.

"ದೀಪಾವಳಿವರೆಗೆ ಬಿಡು. ನಿಮ್ಮಣ್ಣ ಒಪ್ಪಿಕೊಂಡಿದ್ದ ಒಂದು ಕೆಲಸ ಬಾಕಿ ಇದೆ. ಶಿವಮೊಗ್ಗದ್ದು. ಅದನ್ನ ನಾನು ಮಾಡ್ತೀನಿ. ಆಗಲಿಲ್ಲ ಅಂದ್ರೆ ಬೀಗದ ಕೈ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ. ಆಯ್ತು ಅಂದ್ರೆ ಬೋರ್ಡಿನ ತಂಟೆಗೆ ಬರಬೇಡ."

"ಯಾವುದು, ಆ ಮೇಷ್ಟ್ರದ್ದಾ? ಊರಿನ ಫೋಟೋ? ರಾತ್ರಿಯದ್ದು?" ಪ್ರಸಾದ ನಕ್ಕ. "ಆಯ್ತು ಅತ್ತಿಗೆ."

ನಗುವುದಕ್ಕೆ ಅವನಿಗೆ ಕಾರಣವಿತ್ತು. ಜಯಶೀಲಾ ಓದಿದ್ದು ಏಳನೇ ಕ್ಲಾಸು. ಕ್ಯಾಮೆರಾದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅವಳು ಓದುತ್ತಿರಲಿಲ್ಲ, ಅವುಗಳ ಜಾಗ ನೆನಪಿಟ್ಟುಕೊಂಡಿದ್ದಳು. ಆದರೆ ಫೋಟೋದ ಕೆಲಸ ಅವಳಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಮದುವೆಯಾಗಿ ಬಂದ ವರ್ಷ ಸ್ಟುಡಿಯೋದಲ್ಲಿ ಇನ್ನೂ ಕತ್ತಲೆ ಕೋಣೆ ಇತ್ತು. ಕೆಂಪು ಬಲ್ಬು, ಮೂರು ಟ್ರೇ, ಹುಳಿ ವಾಸನೆ. ಏಕಾಂತಪ್ಪ ಫಿಲಂ ಹಾಕಿ ಕಾಗದದ ಮೇಲೆ ಬೆಳಕು ಬಿಡುವಾಗ ಸೆಕೆಂಡು ಎಣಿಸಬೇಕಿತ್ತು. ಅವನು ಒಂದು, ಎರಡು ಅಂತ ಎಣಿಸಿದರೆ ಒಮ್ಮೆ ಬೇಗ, ಒಮ್ಮೆ ನಿಧಾನ. ಫೋಟೋ ಒಂದು ಕಪ್ಪು, ಒಂದು ಬಿಳಿಚು. ಹೊಸ ಹೆಂಡತಿ ಹಿಂದೆ ನಿಂತು ಕೇಳಿಯೂ ಕೇಳಿ ಒಂದು ದಿನ, "ನಾನು ಎಣಿಸ್ಲಾ?" ಅಂದಳು. ಅವಳ ಎಣಿಕೆ ಬೇರೆ. ಒಂದು ಸಲ ಓಂ ನಮಃ ಶಿವಾಯ ಅಂದರೆ ಒಂದು ಸೆಕೆಂಡು. ತವರಿನಲ್ಲಿ ದಿನಾ ಲಿಂಗಪೂಜೆಯ ಹೊತ್ತಿಗೆ ನೂರೆಂಟು ಸಲ ಹೇಳಿ ಹೇಳಿ ಅವಳ ನಾಲಿಗೆ ಗಡಿಯಾರವಾಗಿತ್ತು. ಆಮೇಲೆ ಸ್ಟುಡಿಯೋದ ಫೋಟೋಗಳೆಲ್ಲ ಒಂದೇ ಹದಕ್ಕೆ ಬಂದವು.

ಡಿಜಿಟಲ್ ಬಂದಾಗ ಕತ್ತಲೆ ಕೋಣೆ ಹೋಗಿ ಅಲ್ಲಿ ಜೆರಾಕ್ಸ್ ಮಷೀನು ಬಂತು. ಎಣಿಕೆ ಉಳಿಯಿತು. ಏಕಾಂತಪ್ಪನಿಗೆ ಊರಿನ ದೀಪಗಳ ಫೋಟೋ ತೆಗೆಯುವ ಹುಚ್ಚಿತ್ತು. ಮನೆಯ ತಾರಸಿಯಿಂದ ಭದ್ರಾವತಿ ತೆಗೆಯುತ್ತಿದ್ದ. ಆಗೆಲ್ಲ ಸ್ಟ್ಯಾಂಡ್ ಹಿಡಿಯುವವಳು ಇವಳೇ. ಅವನು ಹೇಳುತ್ತಿದ್ದದ್ದು ಒಂದೇ ಮಾತು: "ಪೂರ್ತಿ ಕತ್ತಲಾದ ಮೇಲೆ ರಾತ್ರಿ ಫೋಟೋ ತೆಗೆಯೋನು ದಡ್ಡ ಕಣೆ. ದೀಪ ಹತ್ತಿರಬೇಕು, ಆಕಾಶ ಇನ್ನೂ ನೀಲಿ ಇರಬೇಕು. ಎರಡೂ ಒಟ್ಟಿಗೆ ಸಿಗೋದು ಇಪ್ಪತ್ತು ನಿಮಿಷ." ಜಯಶೀಲಾಗೆ ಅದನ್ನು ಅರ್ಥ ಮಾಡಿಸಬೇಕಾಗಿರಲಿಲ್ಲ. ಹಾಲು ಉಕ್ಕುವ ಹೊತ್ತು ಯಾವುದು ಅಂತ ಗೊತ್ತಿದ್ದವಳಿಗೆ ಇದೂ ಗೊತ್ತಾಗುತ್ತದೆ.

ಮೇಷ್ಟ್ರು ಅಂದರೆ ನರಸಿಂಹಮೂರ್ತಿ. ರಿಟೈರ್ ಆದ ಹೆಡ್‌ಮಾಸ್ಟರು. ಶಿವಮೊಗ್ಗದ ವಿದ್ಯಾನಗರದಲ್ಲಿ ಒಂದು ಸಮುದಾಯ ಭವನ ಕಟ್ಟಿಸುವ ಕಮಿಟಿಗೆ ಕಾರ್ಯದರ್ಶಿ. ಭವನದ ಊಟದ ಹಾಲಿನ ಗೋಡೆಗೆ ಹತ್ತಡಿ ಅಗಲದ ಫೋಟೋ ಬೇಕು, ತುಂಗೆಯ ಈಚೆಯಿಂದ ಕಾಣುವ ಊರು, ದೀಪ ಹತ್ತಿದ ಮೇಲಿನದ್ದು ಅಂತ ಏಕಾಂತಪ್ಪನಿಗೆ ಮಾರ್ಚ್‌ನಲ್ಲೇ ಹೇಳಿದ್ದರು. ಏಪ್ರಿಲ್‌ನಲ್ಲಿ ಒಂದು ಮದುವೆ ಮನೆಯಲ್ಲಿ, ಕೊರಳಿಗೆ ಕ್ಯಾಮೆರಾ ಇರುವಾಗಲೇ ಏಕಾಂತಪ್ಪ ಕುಸಿದ. ಕ್ಯಾಮೆರಾ ನೆಲಕ್ಕೆ ಬೀಳಲಿಲ್ಲ. ಕೈ ಹಿಡಿದುಕೊಂಡೇ ಇತ್ತು ಅಂತ ನೋಡಿದವರು ಹೇಳಿದರು.

ಜಯಶೀಲಾ ಮೇಷ್ಟ್ರಿಗೆ ಫೋನ್ ಮಾಡಿದಳು. "ಅವರ ಬದಲು ನಾನು ಬರ್ತೀನಿ" ಅಂದಳು.  ಮೇಷ್ಟ್ರು "ಬಾಮ್ಮ" ಅಂದರು.

ಮಂಗಳವಾರ ಗಂಡನ ದೊಡ್ಡ ಕ್ಯಾಮೆರಾ ತೆಗೆದುಕೊಂಡು ಹೋದಳು. ಭವನದ ನಾಲ್ಕನೇ ಮಹಡಿಯ ಮೇಲಿನ ತಾರಸಿಯಿಂದ ಹೊಳೆ ಕಾಣುತ್ತಿತ್ತು. ಹೊಳೆಯ ಮೇಲೆ ಸೇತುವೆ. ಆಚೆ ದಡದಲ್ಲಿ ಮನೆಗಳ ಸಾಲು, ಗೋಪುರ, ಮೊಬೈಲ್ ಟವರು, ಅದರ ಹಿಂದೆ ಹೊಸ ಅಪಾರ್ಟ್‌ಮೆಂಟುಗಳು. ಮಳೆ ಹೊಯ್ದು ಹೋಗಿದ್ದರಿಂದ ಗಾಳಿ ತೊಳೆದಂತಿತ್ತು. ಆರೂಕಾಲಿಗೆ ಸೂರ್ಯ ಹೋದ. ಆರೂವರೆಗೆ ಸೇತುವೆಯ ದೀಪ ಹತ್ತಿತು. ಕ್ಯಾಮೆರಾದ ಕಣ್ಣು ಎಂಟು ಸೆಕೆಂಡು ತೆರೆದಿರುವ ಹಾಗೆ ಇಟ್ಟಳು. ಎಂಟನೇ ನಮಃ ಶಿವಾಯಕ್ಕೆ ಕ್ಯಾಮೆರಾ ಟಕ್ ಅಂತು. ಇಪ್ಪತ್ತು ಫೋಟೋ ತೆಗೆದಳು. ಎಲ್ಲ ಸರಿಯಿತ್ತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಯಾವುದೂ ಸರಿ ಇರಲಿಲ್ಲ. ಒಂದೊಂದು ದೀಪದಿಂದಲೂ ಮೇಲಕ್ಕೊಂದು, ಕೆಳಕ್ಕೊಂದು ಬೆಳಕಿನ ನೂಲು ಎಳೆದಿತ್ತು. ಇಡೀ ಊರಿನ ಮೇಲೆ ಹೊಗೆ ಕವಿದ ಹಾಗೆ.

ಗಾಳಿಗೆ ಸ್ಟ್ಯಾಂಡ್ ಅಲ್ಲಾಡಿದೆ ಅಂದುಕೊಂಡಳು. ಗುರುವಾರ ಮತ್ತೆ ಹೋದಳು. ಈ ಸಲ ಚೀಲದಲ್ಲಿ ಒರಳಿನ ಗುಂಡುಕಲ್ಲು ಇತ್ತು. ಸ್ಟ್ಯಾಂಡಿನ ನಡುವಿನ ಕೊಕ್ಕೆಗೆ ಅದನ್ನು ನೇತುಹಾಕಿದರೆ ಆನೆ ಬಂದು ತಳ್ಳಿದರೂ ಅಲ್ಲಾಡುವುದಿಲ್ಲ. ಏಕಾಂತಪ್ಪ ಹಾಗೇ ಮಾಡುತ್ತಿದ್ದ. ಕೆಲವಕ್ಕೆ ಎಂಟು, ಕೆಲವಕ್ಕೆ ಎರಡೇ ಸೆಕೆಂಡು ಇಟ್ಟು ಫೋಟೋ ತೆಗೆದಳು. ಮನೆಗೆ ಬಂದು ನೋಡಿದಳು. ನೂಲು ಹಾಗೇ ಇತ್ತು.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಭದ್ರಾವತಿಗೆ ಬೇರೆ ಕೆಲಸಕ್ಕೆ ಬಂದವರು ಸ್ಟುಡಿಯೋಗೂ ಬಂದರು. ಪ್ರಸಾದನೂ ಅಲ್ಲೇ ಇದ್ದ, ಗೋಡೆಯ ಸ್ವಿಚ್ ಬೋರ್ಡು ಎಲ್ಲಿ ಇರಬೇಕು ಅಂತ ನೋಡುತ್ತ. ಜಯಶೀಲಾ ಯಾವುದನ್ನೂ ಮುಚ್ಚಿಡದೆ ಫೋಟೋ ತೋರಿಸಿದಳು.

ಮೇಷ್ಟ್ರು ಕನ್ನಡಕ ಮೇಲಕ್ಕೇರಿಸಿ ನೋಡಿದರು. "ಮಳೆ ಬರ್ತಿರೋ ಹಾಗಿದೆಯಲ್ಲಮ್ಮ. ಮೊನ್ನೆ ಮಳೆ ಇತ್ತಾ?"

"ಇರಲಿಲ್ಲ ಮೇಷ್ಟ್ರೇ."

"ಕ್ಯಾಮೆರಾ ಹೋಗಿದೆ ಅತ್ತಿಗೆ" ಅಂದ ಪ್ರಸಾದ. "ಆರು ತಿಂಗಳು ಚೀಲದಲ್ಲಿ ಕೂತಿತ್ತು, ಇನ್ನೇನಾಗುತ್ತೆ? ಸಾರ್, ನನ್ನ ಮೊಬೈಲಲ್ಲಿ ನೋಡಿ. ಹೋದ ವಾರ ಅದೇ ಸೇತುವೆ ಮೇಲೆ ನಿಂತು ತೆಗೆದದ್ದು. ಹೆಂಗಿದೆ?"

ಚೆನ್ನಾಗಿಯೇ ಇತ್ತು. ಮೇಷ್ಟ್ರು ಒಪ್ಪಿದರು. "ಅಂಗೈ ಅಗಲಕ್ಕೆ ಚೆನ್ನಾಗಿದೆಯಪ್ಪ. ನಮ್ಮ ಕಮಿಟಿಯವರೊಬ್ಬರು ಹೀಗೇ ಒಂದು ತಂದು ಪ್ರಿಂಟಿನವನಿಗೆ ಕೊಟ್ಟಿದ್ರು. ಹತ್ತಡಿಗೆ ಹಿಗ್ಗಿಸಿದ್ರೆ ಊರು ಹೋಗಿ ಚಿತ್ರಾನ್ನ ಆಗಿತ್ತು." ಆಮೇಲೆ ಜಯಶೀಲಾ ಕಡೆ ತಿರುಗಿದರು. "ನೋಡಮ್ಮ, ಭಾನುವಾರ ಪ್ರಿಂಟಿಗೆ ಕೊಡಲೇಬೇಕು. ಇಲ್ಲದಿದ್ರೆ ಇಂಟರ್ನೆಟ್ಟಿಂದ ಸಿಂಗಾಪುರದ್ದು ಆರಿಸಿ ಇಟ್ಟಿದಾರೆ. ವಿದ್ಯಾನಗರದಲ್ಲಿ ಕೋಸಂಬರಿ ತಿಂತಾ ಸಿಂಗಾಪುರ ನೋಡೋದು ನನ್ನ ಕೈಲಾಗಲ್ಲ."

"ನಾಳೆ ಸಂಜೆ ತೆಗೆದು ಕೊಡ್ತೀನಿ."

"ಕ್ಯಾಮೆರಾ?"

"ಕ್ಯಾಮೆರಾಕ್ಕೆ ಏನಾಗಿದೆ ಅಂತ ಇವತ್ತು ನೋಡ್ತೀನಿ."

ಅವರು ಹೋದ ಮೇಲೆ ಪ್ರಸಾದ ಟೇಪನ್ನು ಕೌಂಟರಿನ ಮೇಲೆ ಇಟ್ಟ. "ಟೇಪು ಇಲ್ಲೇ ಇರಲಿ ಅತ್ತಿಗೆ. ಸೋಮವಾರ ಬಡಗಿ ಬರ್ತಾನೆ" ಅಂದು ಹೊರಟ.

ಜಯಶೀಲಾ ಶಟರು ಅರ್ಧ ಎಳೆದು ಕಂಪ್ಯೂಟರಿನ ಮುಂದೆ ಕೂತಳು. ಮಂಗಳವಾರದ್ದು, ಗುರುವಾರದ್ದು, ಎರಡನ್ನೂ ಪಕ್ಕಪಕ್ಕ ಇಟ್ಟಳು. ಎಂಟು ಸೆಕೆಂಡಿನದ್ದು, ಎರಡು ಸೆಕೆಂಡಿನದ್ದು. ಸ್ಟ್ಯಾಂಡ್ ಅಲ್ಲಾಡಿದ್ದರೆ ಎಂಟು ಸೆಕೆಂಡಿನದ್ದರಲ್ಲಿ ಹೆಚ್ಚು ಅಲ್ಲಾಡಿರಬೇಕು. ಮನೆಗಳೂ ಅಲ್ಲಾಡಿರಬೇಕು. ಮನೆಗಳು ಗಟ್ಟಿ ನಿಂತಿದ್ದವು. ಕಿಟಕಿಯ ಸರಳು ಎಣಿಸಬಹುದಿತ್ತು. ನೂಲು ಮಾತ್ರ ಎಲ್ಲ ಕಡೆ ಇತ್ತು, ಎಲ್ಲ ಕಡೆ ನೆಟ್ಟಗೆ ಮೇಲೆ ಕೆಳಗೆ. ಗಾಳಿ ಇಷ್ಟು ಶಿಸ್ತಾಗಿ ಬೀಸುವುದಿಲ್ಲ.

ಅವಳು ಎದ್ದು ಕ್ಯಾಮೆರಾ ತೆಗೆದು ಲೆನ್ಸನ್ನು ನೇರವಾಗಿ ನೋಡಿದಳು. ಶುಭ್ರ. ಎರಡು ಸಲ ಹೀಗೆ ನೋಡಿಯೇ ಅವಳು ಮೋಸಹೋಗಿದ್ದಳು. ಈ ಸಲ ಟ್ಯೂಬ್‌ಲೈಟಿನ ಕೆಳಗೆ ನಿಂತು ಓರೆ ಮಾಡಿದಳು.

ಗಾಜಿನ ಮೇಲೆ ಮೂರು ಅಡ್ಡಗೆರೆ ಇದ್ದವು. ತೆಳ್ಳಗೆ, ಉಸಿರು ತಾಗಿದ ಹಾಗೆ. ಮೂರು ಬೆರಳಿನ ಅಗಲ.

ಅವಳಿಗೆ ತಕ್ಷಣ ತಿಳಿಯಿತು. ಮೆಟ್ಟಿಲು ಹತ್ತಿ ಮೇಲೆ ಹೋದಳು. ಅತ್ತೆ ಹುಚ್ಚಮ್ಮ ಕಿಟಕಿಯ ಬಳಿ ಕೂತು ಅವರೆಕಾಳು ಸುಲಿಯುತ್ತಿದ್ದಳು.

"ಅತ್ತೆ, ಆಯುಧಪೂಜೆ ದಿನ ಕ್ಯಾಮೆರಾಕ್ಕೆ ವಿಭೂತಿ ಎಲ್ಲಿ ಹಚ್ಚಿದ್ರಿ?"

"ಎಲ್ಲಿ ಹಚ್ತಾರೆ? ಹಣೆಗೆ."

"ಕ್ಯಾಮೆರಾಕ್ಕೆ ಹಣೆ ಎಲ್ಲಿದೆ?"

"ಆ ದೊಡ್ಡ ಗಾಜು ಇಲ್ವೇನೆ ಮುಂದೆ? ಮುಖ ಅದೇ ಅಲ್ವಾ? ಅಲ್ಲೇ ಇಟ್ಟೆ. ಮಾರನೆ ದಿನ ಹೂ ತೆಗೀವಾಗ ಸೆರಗಲ್ಲಿ ಒರೆಸಿಯೂ ಇಟ್ಟೆ. ಯಾಕೆ, ಏನಾಯ್ತೀಗ?"

ಆ ವರ್ಷ ಮನೆಯಲ್ಲಿ ಹಬ್ಬ ಇರಲಿಲ್ಲ. ಸಾವಾದ ವರ್ಷ. ಆದರೂ ಹುಚ್ಚಮ್ಮ ಹಟ ಹಿಡಿದಿದ್ದಳು. ಹಬ್ಬ ಬೇಡ, ಒಬ್ಬಟ್ಟು ಬೇಡ, ಅನ್ನ ಕೊಟ್ಟ ಯಂತ್ರಕ್ಕೆ ಒಂದು ಹೂವಾದರೂ ಬೇಡವೇ ಅಂತ. ಬೀರುವಿನಿಂದ ಮಗನ ಕ್ಯಾಮೆರಾ ತಾನೇ ತೆಗೆದಿದ್ದಳು. ದೀಪಕ್ಕೆ ಎಣ್ಣೆ ಹಾಕಿದ ಕೈಯಲ್ಲೇ ವಿಭೂತಿ ಕಲಸಿದ್ದಳು. ಒರೆಸಿದಾಗ ಬೂದಿ ಹೋಗಿತ್ತು, ಎಣ್ಣೆಯ ಗೆರೆ ಉಳಿದಿತ್ತು.

ಜಯಶೀಲಾ ಬೈಯಬೇಕು ಅಂತಲೇ ಮೆಟ್ಟಿಲು ಹತ್ತಿದ್ದಳು. ಬಾಯಲ್ಲಿ ಮಾತು ಸಿದ್ಧವಿತ್ತು. ಕ್ಯಾಮೆರಾವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು ತೋರಿಸಿದಳು.

"ಇಲ್ಲಿ ನೋಡಿ. ನಿಮ್ಮ ಬೆರಳು. ಇದೇ ಊರಿನ ದೀಪನೆಲ್ಲ ಎಳೆದು ಹಾಳು ಮಾಡಿದ್ದು."

ಹುಚ್ಚಮ್ಮ ಹತ್ತಿರ ತಂದುಕೊಂಡು ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಅವರೆಕಾಯಿಯ ಮೊರ ಮಡಿಲಿನಿಂದ ಜಾರಿತು.

"ಅವತ್ತು ಮಣ್ಣಿಗೆ ಇಡೋ ಮುಂಚೆ ಅವನಿಗೆ ಹಿಂಗೇ ಇಟ್ಟಿದ್ದೆ ಕಣೆ" ಅಂದಳು. "ಇದಕ್ಕೂ ಹಂಗೇ ಇಟ್ಬಿಟ್ಟೆ."

ಜಯಶೀಲಾ ಜಾರಿದ ಮೊರ ಎತ್ತಿ ಪಕ್ಕಕ್ಕಿಟ್ಟಳು. ಸಿದ್ಧವಿದ್ದ ಮಾತು ಎಲ್ಲಿಗೆ ಹೋಯಿತೋ. ಇಬ್ಬರೂ ಆ ಗೆರೆ ನೋಡುತ್ತ ಕೂತರು. ಕೆಳಗೆ ಬೀದಿಯಲ್ಲಿ ಯಾರೋ ತಮಿಳಿನಲ್ಲಿ ಹೂವು ಕೂಗುತ್ತ ಹೋದರು.

"ಒರೆಸ್ಲಾ?" ಕೊನೆಗೆ ಜಯಶೀಲಾ ಕೇಳಿದಳು.

"ಒರೆಸದೆ? ಹಂಗೇ ಇಟ್ಕೊಂಡು ಪೂಜೆ ಮಾಡೋಕೆ ಅದೇನು ಸಾಲಿಗ್ರಾಮನಾ?" ಹುಚ್ಚಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಒರೆಸು ಮಾರಾಯ್ತಿ. ಅವನು ಇದ್ದಿದ್ರೆ ನನ್ನ ಕೈ ಮುರೀತಿದ್ದ."

ಹೊಸ ಬಟ್ಟೆ ಲೆನ್ಸಿಗೆ ಆಗುವುದಿಲ್ಲ. ಹಲವು ಸಲ ಒಗೆದು ಮೆತ್ತಗಾದ ಬನಿಯನ್ನೇ ಆಗಬೇಕು. ಏಕಾಂತಪ್ಪ ತನ್ನ ಬನಿಯನ್ನಿನ ತುಂಡೊಂದನ್ನು ಅದಕ್ಕೇ ಅಂತ ಕ್ಯಾಮೆರಾ ಚೀಲದಲ್ಲಿ ಇಟ್ಟಿದ್ದ. ಜಯಶೀಲಾ ಮೊದಲು ರಬ್ಬರಿನ ಬುರುಡೆಯಿಂದ ಗಾಳಿ ಊದಿದಳು. ಬೂದಿಯ ಕಣ ಉಳಿದಿದ್ದು ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ. ಆಮೇಲೆ ಲೆನ್ಸ್ ಒರೆಸುವ ಲಿಕ್ವಿಡ್ಡು ಎರಡು ಹನಿ. ನಡುವಿನಿಂದ ಅಂಚಿಗೆ, ಸುತ್ತುತ್ತ ಸುತ್ತುತ್ತ ಒರೆಸಿದಳು. ಒಂದು ಗೆರೆ ಹೋಯಿತು. ಎರಡನೆಯದು ಹೋಯಿತು. ಮೂರನೆಯದಕ್ಕೆ ಅವಳ ಕೈ ಒಂದು ಕ್ಷಣ ನಿಂತಿತು. ಅದನ್ನೂ ಒರೆಸಿದಳು.

ಅವತ್ತೇ ಸಂಜೆ ಸ್ಟ್ಯಾಂಡನ್ನು ಮನೆಯ ತಾರಸಿಗೆ ಹತ್ತಿಸಿದಳು. ನೂಲು ಹೋಯಿತೋ ಇಲ್ಲವೋ ನೋಡಬೇಕಿತ್ತು. ಭದ್ರಾ ಹೊಳೆಯ ಸೇತುವೆ, ನ್ಯೂಟೌನಿನ ದಾರಿಯ ದೀಪಗಳ ಸಾಲು, ದೂರಕ್ಕೆ ಉಕ್ಕಿನ ಕಾರ್ಖಾನೆಯ ಚಿಮಣಿ. ಅವಳು ಮದುವೆಯಾಗಿ ಬಂದಾಗ ಆ ಕಡೆಯ ಆಕಾಶ ಕತ್ತಲಾದ ಮೇಲೂ ಕೆಂಪಗಿರುತ್ತಿತ್ತು. ಈಗ ಕುಲುಮೆ ಆರಿದೆ. ಈಗ ಚಿಮಣಿ ಬರೀ ಕರೀ ಗೆರೆ. ತೆಗೆದಳು. ಅಲ್ಲೇ ಪರದೆಯ ಮೇಲೆ ಹಿಗ್ಗಿಸಿ ನೋಡಿದಳು. ಒಂದೊಂದು ದೀಪವೂ ಸಾಸಿವೆ ಕಾಳಿನ ಹಾಗೆ ದುಂಡಗೆ ಕೂತಿತ್ತು.

ಅವಳು ಕೆಳಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದಳು.

ಶನಿವಾರ ಹೊರಡುವಾಗ ಹುಚ್ಚಮ್ಮ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು.

"ನೀವೆಲ್ಲಿಗೆ?"

"ಕಲ್ಲು ಹೊರೋಕೆ. ನೀನು ಕ್ಯಾಮೆರಾ ಹೊರ್ತೀಯೋ, ಸ್ಟ್ಯಾಂಡ್ ಹೊರ್ತೀಯೋ, ಕಲ್ಲು ಹೊರ್ತೀಯೋ?"

"ನಾಲ್ಕು ಮಹಡಿ ಅತ್ತೆ."

"ಲಿಫ್ಟ್ ಇಲ್ವಾ?"

"ಇನ್ನೂ ಹಾಕಿಲ್ಲ."

"ಹಾಕೋವರೆಗೆ ಕಾಯೋಕಾಗುತ್ತಾ? ನಡಿ."

ಬಸ್ಸಿನಲ್ಲಿ ಕಂಡಕ್ಟರ್ ಚೀಲ ಕಾಲಿಗೆ ತಾಗಿ ಎಗರಿದ. "ಏನಜ್ಜಿ ಇದು, ಕಲ್ಲಾ?"

"ಹೂಂ, ಕಲ್ಲೇ. ನಿಂಗೇನು ಮೆತ್ತಗಿರಬೇಕಿತ್ತಾ?"

ಬಸ್ಸು ಮಲವಗೊಪ್ಪ ದಾಟುವವರೆಗೂ ಜಯಶೀಲಾ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು. ಆರು ತಿಂಗಳಲ್ಲಿ ಅದು ಮೊದಲ ನಗು. ನಕ್ಕದ್ದಕ್ಕೆ ಅವಳಿಗೆ ತಪ್ಪು ಅನ್ನಿಸಲಿಲ್ಲ.

ತಾರಸಿಯ ಮೇಲೆ ನರಸಿಂಹಮೂರ್ತಿ ಮೇಷ್ಟ್ರು ಮೊದಲೇ ಬಂದು ನಿಂತಿದ್ದರು. ಹುಚ್ಚಮ್ಮ ಪ್ರತಿ ಮಹಡಿಗೂ ಒಮ್ಮೆ ಕೂತು, ಭವನ ಕಟ್ಟಿದವರನ್ನು ಒಮ್ಮೆ ಬೈದು ಮೇಲೆ ತಲುಪಿದಳು. ಸ್ಟ್ಯಾಂಡಿಗೆ ಕಲ್ಲು ನೇತುಬಿದ್ದಿತು. ಹುಚ್ಚಮ್ಮ ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದಳು. ಜಯಶೀಲಾ ತಿರುಗಿ ನೋಡಿದಳು.

"ಹೆದರಬೇಡ. ಕಾಲಿಗೆ ಇಡ್ತೀನಿ." ಸ್ಟ್ಯಾಂಡಿನ ಮೂರು ಕಾಲಿಗೂ ಒಂದೊಂದು ಬೊಟ್ಟು ಇಟ್ಟಳು.

ಸೂರ್ಯ ಎಡಗಡೆ ಇಳಿದ. ಹೊಳೆ ಮೊದಲು ಹಿತ್ತಾಳೆಯಾಯಿತು, ಆಮೇಲೆ ಸೀಸವಾಯಿತು. ಆಚೆ ದಡದಲ್ಲಿ ಒಂದು ಮನೆಯ ದೀಪ ಹತ್ತಿತು. ಮತ್ತೊಂದು. ಮೇಷ್ಟ್ರು ತಡೆಯಲಾರದೆ, "ತೆಗಿಯಮ್ಮ, ಹೊತ್ತು ಹೋಗುತ್ತೆ" ಅಂದರು.

"ಇನ್ನೂ ಇಲ್ಲ ಮೇಷ್ಟ್ರೇ."

ಸೇತುವೆಯ ದೀಪಗಳು ಒಂದೇ ಸಲಕ್ಕೆ ಹತ್ತಿದವು. ಮೇಷ್ಟ್ರು ಮತ್ತೆ ಬಾಯಿ ತೆರೆದರು. ಜಯಶೀಲಾ ಕೈ ಎತ್ತಿ ತಡೆದಳು. ಆಕಾಶ ಇನ್ನೂ ಬಿಳಿಚಿಕೊಂಡಿತ್ತು. ಅದು ಶಾಯಿಯ ಬಣ್ಣಕ್ಕೆ ತಿರುಗಬೇಕು. ತಿರುಗುತ್ತಿತ್ತು. ಅವಳು ದೀಪ ನೋಡಲಿಲ್ಲ, ಆಕಾಶ ನೋಡಿದಳು. ಏಕಾಂತಪ್ಪ ಪಕ್ಕದಲ್ಲಿ ನಿಂತಿದ್ದಾನೆ ಅಂತೇನೂ ಅವಳಿಗೆ ಅನ್ನಿಸಲಿಲ್ಲ. ಅವನಿಲ್ಲ. ಅವನು ಹೇಳಿಕೊಟ್ಟದ್ದು ಇದೆ.

"ಈಗ" ಅಂದು ಗುಂಡಿ ಒತ್ತಿ ಕೈ ಬಿಟ್ಟಳು.

"ಓಂ ನಮಃ ಶಿವಾಯ, ಓಂ ನಮಃ ಶಿವಾಯ" ಅಂತ ಹಿಂದಿನಿಂದ ಹುಚ್ಚಮ್ಮ ಜೋರಾಗಿ ಶುರುಮಾಡಿದಳು.

"ನಿಧಾನ ಅತ್ತೆ. ನಿಮ್ಮ ಶಿವ ಬಸ್ ಹಿಡಿಯೋಕೆ ಓಡ್ತಿದಾನೆ."

ಹುಚ್ಚಮ್ಮ ನಿಧಾನ ಮಾಡಿದಳು. ಮೇಷ್ಟ್ರು ಕೈ ಮುಗಿದುಕೊಂಡು ನಿಂತಿದ್ದರು, ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಎಂಟಕ್ಕೆ ಟಕ್ ಅಂತು. ಜಯಶೀಲಾ ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ಒಂದೊಂದು ಹೆಜ್ಜೆ ತಿರುಗಿಸುತ್ತ ಊರನ್ನು ಐದು ತುಂಡಾಗಿ ತೆಗೆದಳು. ಆಮೇಲೆ ಕೂಡಿಸಿದರೆ ಹತ್ತಡಿಗೆ ಅದು ಒಡೆಯುವುದಿಲ್ಲ. ಮೂರು ಸಲ ಹೀಗೆ ಮಾಡುವಷ್ಟರಲ್ಲಿ ಆಕಾಶ ಕಪ್ಪಾಯಿತು. ಅವಳು ಕ್ಯಾಮೆರಾ ಆರಿಸಿದಳು.

"ಇನ್ನೂ ತೆಗೀಬಹುದಲ್ಲಮ್ಮ, ಈಗ ಪೂರ್ತಿ ರಾತ್ರಿ ಆಯ್ತು."

"ಬೇಕಾದ್ದು ಆಯ್ತು ಮೇಷ್ಟ್ರೇ."

ಭಾನುವಾರ ಫೈಲು ಪ್ರಿಂಟಿಗೆ ಹೋಯಿತು. ಸೋಮವಾರ ಬೆಳಿಗ್ಗೆ ಬಡಗಿ ಸ್ಟುಡಿಯೋಗೆ ಬಂದ. ಜಯಶೀಲಾ ಅವನಿಗೆ ಕಾಫಿ ಕೊಟ್ಟು ಕಳಿಸಿದಳು. ಬುಧವಾರ ಫೋಟೋವನ್ನು ಗೋಡೆಗೆ ಏರಿಸಿದರು. ಜಯಶೀಲಾ ಪ್ರಸಾದನನ್ನೂ ಕರೆದುಕೊಂಡು ಹೋಗಿದ್ದಳು. ಮಾತು ಕೊಟ್ಟವಳು ಮುಗಿದದ್ದನ್ನು ಕಣ್ಣಾರೆ ತೋರಿಸಬೇಕಲ್ಲ.

ಊಟದ ಹಾಲಿನ ಒಂದು ಗೋಡೆಯ ತುಂಬ ಶಿವಮೊಗ್ಗ ನಿಂತಿತ್ತು. ನೀಲಿ ಆಕಾಶ, ಹೊಳೆಯಲ್ಲಿ ಸೇತುವೆಯ ದೀಪಗಳ ಬಿಂಬ, ಆಚೆಗೆ ಊರು. ಪ್ರಸಾದ ಮೊದಲು ದೂರ ನಿಂತು ನೋಡಿದ. ಆಮೇಲೆ ಮೂಗು ತಾಗುವಷ್ಟು ಹತ್ತಿರ ಹೋದ. ಒಂದು ತಾರಸಿಯ ಮೇಲೆ ತಂತಿಗೆ ಹಾಕಿದ ಬಟ್ಟೆ ಕೂಡ ಕಾಣುತ್ತಿತ್ತು.

"ಒಡೆದಿಲ್ಲ" ಅಂದ, ತನಗೇ ಹೇಳಿಕೊಳ್ಳುವ ಹಾಗೆ.

ಮೇಷ್ಟ್ರು ಬಂದರು. "ಕಮಿಟಿಯವರು ನೋಡಿದ್ರಮ್ಮ. ಸಿಂಗಾಪುರದ ಮಾತು ಯಾರೂ ಎತ್ತಲಿಲ್ಲ. ಈ ಎದುರುಗಡೆ ಗೋಡೆ ಬೋಳಾಗಿ ಕಾಣುತ್ತೆ ಅಂತಾರೆ. ಭದ್ರಾವತಿದೂ ಒಂದು ಹೀಗೇ ಆಗುತ್ತಾ?"

"ಆಗುತ್ತೆ. ಒಂದು ತೆಗೆದೂ ಇಟ್ಟಿದೀನಿ. ಆದರೆ ಅದು ಬರೀ ನೋಡೋಕೆ ತೆಗೆದದ್ದು. ಗೋಡೆಗೆ ಬೇರೆ ತೆಗೀಬೇಕು." ಅವಳು ಎದುರಿನ ಗೋಡೆಯನ್ನು ಕಣ್ಣಲ್ಲೇ ಅಳೆದಳು. ಕಣ್ಣಳತೆ ಸಾಲದು ಅನ್ನಿಸಿತು. ಚೀಲಕ್ಕೆ ಕೈ ಹಾಕಿ ಟೇಪು ತೆಗೆದಳು.

ಪ್ರಸಾದ ಗುರುತು ಹಿಡಿದ. "ಅತ್ತಿಗೆ, ಅದು ನಂದಲ್ವಾ?"

"ನಿಂದೇ. ಆ ತುದಿ ಹಿಡ್ಕೋ."

ಅವನು ಒಂದು ಗಳಿಗೆ ನಿಂತ. ಹೋಗಿ ಹಿಡಿದುಕೊಂಡ.

"ಇನ್ನೂ ಮೇಲೆ" ಅಂದಳು ಜಯಶೀಲಾ. "ಹಾಂ, ಹಂಗೇ. ಅಲ್ಲಾಡಬೇಡ."